ಕನ್ನಂಬಾಡಿಯಲ್ಲಿ ಹಡಗು ನಿಲ್ಲಿಸಬಹುದಾ? ಹತ್ತನೇ ಕ್ಲಾಸಿನ ಒಂದು ಪಾಠದ ಪ್ರಕರಣ ಅಧ್ಯಯನ

"ಬಂದರಿಗೆ ಆಳ ಯಾಕೆ ಬೇಕು?" ಎರಡು ಅಂಕದ ಪ್ರಶ್ನೆ. ಕ್ಲಾಸಿನ 38 ಮಕ್ಕಳಲ್ಲಿ 21 ಜನ ಜಾಗ ಖಾಲಿ ಬಿಟ್ಟಿದ್ದರು. ಒಬ್ಬ ಹುಡುಗ "ಮೀನು ಜಾಸ್ತಿ ಸಿಗಲಿ ಅಂತ" ಎಂದು ಬರೆದಿದ್ದ. ಒಬ್ಬಳು ಎರಡೇ ಪದ ಬರೆದಿದ್ದಳು: "ಹಡಗು ಮುಳುಗಲು."

ಅದೇ ಪತ್ರಿಕೆಯಲ್ಲಿ ಅದರ ಮೇಲಿನ ಪ್ರಶ್ನೆ, ಭಾರತದ ಅತ್ಯಂತ ಆಳವಾದ, ಸುತ್ತ ನೆಲ ಇರುವ ಬಂದರು ಯಾವುದು ಅಂತ. ಅದಕ್ಕೆ 35 ಮಕ್ಕಳು ವಿಶಾಖಪಟ್ಟಣ ಎಂದು ಸರಿಯಾಗಿಯೇ ಬರೆದಿದ್ದರು. ಅಂದರೆ ಯಾವುದು ಆಳ ಅಂತ ಗೊತ್ತು. ಆಳ ಇದ್ದರೆ ಏನಾಗುತ್ತದೆ ಅನ್ನುವುದು ಗೊತ್ತಿಲ್ಲ.

ಸಮಾಜ ವಿಜ್ಞಾನದ ಮೇಡಂ ಆ ಉತ್ತರಪತ್ರಿಕೆಗಳ ಕಟ್ಟನ್ನು ಸ್ಟಾಫ್ ರೂಮಿಗೆ ತಂದು ನನ್ನ ಮುಂದೆ ಇಟ್ಟರು. ನಾನು ಅದೇ ಶಾಲೆಯಲ್ಲಿ ವಿಜ್ಞಾನ ಹೇಳುವವನು. ಆಮೇಲೆ ಮೂರು ವಾರ ಏನೇನಾಯಿತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಶಾಲೆ ಯಾವುದು, ಮೇಡಂ ಯಾರು, ಮಕ್ಕಳು ಯಾರು ಅಂತ ಹೇಳುವುದಿಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ, 2025ರ ಮಳೆಗಾಲ, ಅಷ್ಟು ಸಾಕು.

ಹಿನ್ನೆಲೆ

ನಮ್ಮ ಮಕ್ಕಳಿಗೆ ನೀರು ಹೊಸದಲ್ಲ. ಶಾಲೆಯಿಂದ ಹೊಳೆಗೆ ಹತ್ತು ನಿಮಿಷದ ದಾರಿ. ಮನೆ ಹಿಂದೆ ನಾಲೆ, ಗದ್ದೆಗೆ ತೂಬು. ಮಳೆಗಾಲದಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಇಲ್ಲಿನ ಹಿರಿಯರು ಕೇಳುವ ಮೊದಲ ಮಾತು "ಕಟ್ಟೆ ಎಷ್ಟಾಯ್ತಂತೆ?" ಕಟ್ಟೆ ಅಂದರೆ ಕೆಆರ್‌ಎಸ್, ಕನ್ನಂಬಾಡಿ ಕಟ್ಟೆ. ಪೂರ್ತಿ ಮಟ್ಟ 124.80 ಅಡಿ. ಈ ಸಂಖ್ಯೆ ಇಲ್ಲಿ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಆ ವರ್ಷ ಕಟ್ಟೆ ಜೂನ್ ತಿಂಗಳಲ್ಲೇ ತುಂಬಿದ್ದರಿಂದ ಮಾತು ಇನ್ನೂ ಜೋರಾಗಿತ್ತು.

ಆದರೆ ಸಮುದ್ರ ನೋಡಿದವರು ಕ್ಲಾಸಿನಲ್ಲಿ ಐದೇ ಜನ. ಅವರಲ್ಲಿ ಇಬ್ಬರು ಧರ್ಮಸ್ಥಳ, ಕುಕ್ಕೆಗೆ ಹೋದಾಗ ಹಾಗೇ ಮಂಗಳೂರಿಗೂ ಹೋಗಿ ಬಂದವರು. ಹಡಗು ನೋಡಿದವರು ಯಾರೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಸಮುದ್ರ ಅಂತ ಇರುವುದು ಶಿವನಸಮುದ್ರ ಒಂದೇ, ಅಲ್ವಾ. ಅಲ್ಲಿ ಹಡಗು ಬಿಟ್ಟರೆ ಗಗನಚುಕ್ಕಿಯಿಂದ ಕೆಳಗೆ ಹೋಗುತ್ತದೆ ಅಷ್ಟೇ.

ಪಠ್ಯದಲ್ಲಿ ಬಂದರುಗಳ ಭಾಗ ಬಹಳ ಚಿಕ್ಕದು. ಕಾಂಡ್ಲಾ ಉಬ್ಬರವಿಳಿತದ ಬಂದರು. ಮುಂಬೈ ವಿಶಾಲವಾದ ನೈಸರ್ಗಿಕ ಬಂದರು. ಚೆನ್ನೈ ಹಳೆಯ ಕೃತಕ ಬಂದರು. ಒಂದೊಂದು ಊರಿಗೆ ಒಂದೊಂದು ಬಿರುದು. ಮೇಡಂ ಇದನ್ನು ಎರಡು ಪೀರಿಯಡ್‌ನಲ್ಲಿ ಮುಗಿಸುತ್ತಿದ್ದರು. ಎಲ್ಲರೂ ಹಾಗೇ ಮುಗಿಸುತ್ತಾರೆ. ಅದರಲ್ಲಿ ತಪ್ಪು ಹುಡುಕಲು ನಾನು ಹೊರಟಿಲ್ಲ. ಮಾರ್ಚ್ ಪರೀಕ್ಷೆಗೆ ಆ ಬಿರುದುಗಳೇ ಸಾಕು.

ಮೊದಲ ಪ್ರಯತ್ನ, ಮೊದಲ ಸೋಲು

ಆ ಉತ್ತರಪತ್ರಿಕೆ ನೋಡಿದ ಮೇಲೆ ಮೇಡಂ ಮಾಡಿದ ಮೊದಲ ಕೆಲಸ ಎಂದರೆ ವಿಡಿಯೋ ತೋರಿಸಿದ್ದು. ಕೇರಳದ ವಿಳಿಂಜಂ ಬಂದರು ಆಗಷ್ಟೇ ಸುದ್ದಿಯಲ್ಲಿತ್ತು. 2025ರ ಮೇ 2ರಂದು ಪ್ರಧಾನಿ ಅದನ್ನು ಉದ್ಘಾಟಿಸಿದ್ದರು. ಜೂನ್‌ನಲ್ಲಿ ಎಂಎಸ್‌ಸಿ ಐರಿನಾ ಅನ್ನುವ ಭಾರಿ ಕಂಟೇನರ್ ಹಡಗು ಅಲ್ಲಿಗೆ ಬಂದಿತ್ತು. ಉದ್ದ ಸುಮಾರು 400 ಮೀಟರ್. ಅದರಲ್ಲಿ 20 ಅಡಿಯ ಕಂಟೇನರ್ ಲೆಕ್ಕದಲ್ಲಿ 24,346 ಹಿಡಿಯುತ್ತವೆ.

ಮಕ್ಕಳು ಬಾಯಿ ಬಿಟ್ಟು ನೋಡಿದರು. ಲೆಕ್ಕದಲ್ಲಿ ಚುರುಕಾದ ಒಬ್ಬ ಗುಣಿಸಿಯೇ ಬಿಟ್ಟ. ಆ ಪೆಟ್ಟಿಗೆಗಳನ್ನೆಲ್ಲ ಒಂದರ ಹಿಂದೆ ಒಂದು ಇಟ್ಟರೆ 148 ಕಿಲೋಮೀಟರ್ ಆಗುತ್ತದೆ. ಅಂದರೆ ಮೈಸೂರಲ್ಲಿ ಶುರುವಾದ ಸಾಲು ಬೆಂಗಳೂರು ಊರೊಳಕ್ಕೆ ಮುಟ್ಟುತ್ತದೆ. ಕ್ಲಾಸಿನಲ್ಲಿ ಗಲಾಟೆಯೋ ಗಲಾಟೆ. ಮೇಡಂಗೂ ಖುಷಿ.

ಮಾರನೇ ದಿನ ಅದೇ ಪ್ರಶ್ನೆ ಮತ್ತೆ ಕೇಳಿದರು. ಬಂದರಿಗೆ ಆಳ ಯಾಕೆ ಬೇಕು? "ಹಡಗು ದೊಡ್ಡದಿರುತ್ತೆ ಮೇಡಂ." ದೊಡ್ಡದಾದರೆ? ಮೌನ. ವಿಡಿಯೋ ಕಣ್ಣಿಗೆ ಹಬ್ಬವಾಯಿತು, ಅಷ್ಟೇ. ಹಡಗಿನ ಮೇಲಿನ ಅರ್ಧವನ್ನೇ ಕ್ಯಾಮೆರಾ ತೋರಿಸುತ್ತದೆ. ನಮಗೆ ಬೇಕಾದದ್ದು ನೀರೊಳಗಿನ ಅರ್ಧ.

ಹಿಂದಿನ ಬೆಂಚಿನ ಪ್ರಶ್ನೆ

ಇಡೀ ಪ್ರಕರಣ ತಿರುಗಿದ್ದು ಅವತ್ತೇ. ಹಿಂದಿನ ಬೆಂಚಿನ ಒಬ್ಬ ಹುಡುಗ, ಸಾಮಾನ್ಯವಾಗಿ ಬಾಯಿ ಬಿಡದವನು, ಎದ್ದು ಕೇಳಿದ: "ಅಂಗಾರೆ ಮೇಡಂ, ನಮ್ ಕಟ್ಟೇಲಿ ಆ ಹಡ್ಗ ನಿಲ್ಸ್‌ಬೌದಾ?"

ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕು, "ಕೂತ್ಕೊಳೋ, ಅದೆಲ್ಲ ಆಗಲ್ಲ" ಅಂದರು. ಹುಡುಗ ಕೂತ. ಸ್ಟಾಫ್ ರೂಮಿನಲ್ಲಿ ಇದನ್ನು ತಮಾಷೆಯಾಗಿ ಹೇಳಿದಾಗ ನಾನು "ಯಾಕೆ ಆಗಲ್ಲ?" ಅಂದೆ. ಮೇಡಂ ಯೋಚಿಸಿದರು. ನಾನೂ ಯೋಚಿಸಿದೆ. ಚಹಾ ಆರಿಹೋಯಿತು. ಇಬ್ಬರಿಗೂ ನೆಟ್ಟಗೆ ಉತ್ತರ ಗೊತ್ತಿರಲಿಲ್ಲ.

124.80 ಅಡಿ ಅಂದರೆ 38 ಮೀಟರ್. ಅಂಥ ದೈತ್ಯ ಹಡಗು ಪೂರ್ತಿ ಭಾರ ಹೊತ್ತಾಗ ನೀರೊಳಗೆ ಇಳಿಯುವುದು 16 ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಇದಕ್ಕೆ ಹಡಗಿನವರು ಡ್ರಾಫ್ಟ್ ಅನ್ನುತ್ತಾರೆ. ವಿಳಿಂಜಂನಲ್ಲಿ ದಡದ ಹತ್ತಿರವೇ ಸಹಜವಾಗಿ 18ರಿಂದ 20 ಮೀಟರ್ ಆಳ ಇದೆ ಅಂತ ಅಷ್ಟೊಂದು ಹೊಗಳುತ್ತಾರೆ. ನಮ್ಮ ಕಟ್ಟೆಯ ಗೋಡೆ ಬುಡದಲ್ಲಿ ಅದರ ಎರಡರಷ್ಟಿದೆ! ಗೋಡೆ ಉದ್ದ ಸುಮಾರು 2.6 ಕಿಲೋಮೀಟರ್. ಹಡಗು ಸಾಲಾಗಿ ನಿಲ್ಲಿಸಿದರೆ ಆರು ನಿಲ್ಲುತ್ತವೆ. ಬರೀ ಸಂಖ್ಯೆ ನೋಡಿದರೆ ಹುಡುಗ ಕೇಳಿದ್ದು ಸರಿಯಾಗೇ ಇದೆ.

ಇಲ್ಲಿ ಮೇಡಂ ತೆಗೆದುಕೊಂಡ ತೀರ್ಮಾನ ನನಗೆ ಇವತ್ತಿಗೂ ದೊಡ್ಡದಾಗಿ ಕಾಣುತ್ತದೆ. ಮಾರನೇ ದಿನ ಕ್ಲಾಸಿಗೆ ಹೋಗಿ, "ನಿನ್ನೆ ಆಗಲ್ಲ ಅಂದೆ. ಯಾಕೆ ಆಗಲ್ಲ ಅಂತ ನನಗೂ ಗೊತ್ತಿರಲಿಲ್ಲ. ಈಗ ಎಲ್ಲರೂ ಸೇರಿ ನೋಡೋಣ" ಅಂದರು. 18 ವರ್ಷ ಪಾಠ ಮಾಡಿದವರು ಮಕ್ಕಳ ಮುಂದೆ ಹೀಗೆ ಹೇಳುವುದು ಸುಲಭ ಅಲ್ಲ.

ಆ ದಿನವೇ ಅವರು "ಹಡಗು ಮುಳುಗಲು" ಎಂದು ಬರೆದಿದ್ದ ಹುಡುಗಿಯ ಪತ್ರಿಕೆ ಹುಡುಕಿ ತೆಗೆದು, ಸೊನ್ನೆಯನ್ನು ಹೊಡೆದುಹಾಕಿ ಒಂದು ಅಂಕ ಕೊಟ್ಟರು. ಕ್ಲಾಸಿನಲ್ಲಿ ಸರಿ ಉತ್ತರಕ್ಕೆ ಎಲ್ಲರಿಗಿಂತ ಹತ್ತಿರ ಹೋಗಿದ್ದವಳು ಅವಳೇ. ಹಡಗು ಅಷ್ಟು ಮುಳುಗಿಯೇ ತೇಲುವುದು. ಅಷ್ಟು ಮುಳುಗಲು ಜಾಗ ಬೇಕು, ತಳಕ್ಕೂ ನೆಲಕ್ಕೂ ನಡುವೆ ಇನ್ನೊಂದಿಷ್ಟು ನೀರು ಉಳಿಯಬೇಕು. ಅವಳಿಗೆ ಇದೆಲ್ಲ ಗೊತ್ತಿದ್ದು ಬರೆದಳಾ? "ಇಲ್ಲ ಮೇಡಂ, ಸುಮ್ನೆ ಬರ್ದೆ" ಅಂದಳು. ಮೇಡಂ ಆ ಅಂಕ ವಾಪಸ್ ತೆಗೆದುಕೊಳ್ಳಲಿಲ್ಲ.

ನಾನು ಕೆಡಿಸಿದ್ದು

ಇಲ್ಲಿ ನನ್ನ ಪಾಲಿನ ತಪ್ಪು ಬರುತ್ತದೆ. ಆಳ, ತೇಲುವುದು, ಮುಳುಗುವುದು ಅಂದ ಕೂಡಲೇ ಇದು ನನ್ನ ಸಬ್ಜೆಕ್ಟ್ ಅಂದುಕೊಂಡೆ. ಎರಡು ಲೋಟ, ಎರಡು ಮೊಟ್ಟೆ, ಒಂದು ಹಿಡಿ ಉಪ್ಪು ತಂದೆ. ಸಿಹಿನೀರಲ್ಲಿ ಮೊಟ್ಟೆ ತಳ ಸೇರಿತು. ಉಪ್ಪು ಕರಗಿಸಿದ ನೀರಲ್ಲಿ ಮೇಲೆ ಬಂತು. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ನೂರಕ್ಕೆ ಎರಡೂವರೆ ಪಾಲು ಭಾರ. ಹಾಗಾಗಿ 16 ಮೀಟರ್ ಇಳಿಯುವ ಹಡಗನ್ನು ಕಟ್ಟೆಗೆ ತಂದರೆ ಅದು ಇನ್ನೂ 40 ಸೆಂಟಿಮೀಟರ್‌ನಷ್ಟು ಕೆಳಗೆ ಇಳಿಯುತ್ತದೆ. ಹಡಗಿನ ಹೊಟ್ಟೆಯ ಮೇಲೆ ಬರೆದಿರುವ ಗೆರೆಗಳಲ್ಲಿ ಸಿಹಿನೀರಿಗೆ ಬೇರೆ ಗೆರೆ, ಉಪ್ಪುನೀರಿಗೆ ಬೇರೆ ಗೆರೆ ಇರುತ್ತವೆ. ಇದನ್ನೆಲ್ಲ ಬೋರ್ಡ್ ತುಂಬಾ ಬರೆದೆ. ಪಾಠ ಭರ್ಜರಿಯಾಯಿತು ಅಂತ ನನಗೇ ಅನ್ನಿಸಿತು.

ಶನಿವಾರ ಮೇಡಂ ಒಂದು ಚಿಕ್ಕ ಟೆಸ್ಟ್ ಕೊಟ್ಟರು. ನೈಸರ್ಗಿಕ ಬಂದರಿಗೆ ಒಂದು ಉದಾಹರಣೆ ಕೊಡಿ. ಆರು ಮಕ್ಕಳು "ಕೆಆರ್‌ಎಸ್" ಎಂದು ಬರೆದಿದ್ದರು.

ಮೇಡಂ ನನ್ನನ್ನು ಬೈಯಲಿಲ್ಲ. ಆ ಆರು ಪತ್ರಿಕೆ ನನ್ನ ಮೇಜಿನ ಮೇಲಿಟ್ಟು ಹೋದರು, ಅಷ್ಟೇ.

ಕೂತು ನೋಡಿದರೆ ಕಾರಣ ಎದುರಿಗೇ ಇತ್ತು. ಒಂದು ವಾರ ಪೂರ್ತಿ ನಾವು ಆಳ, ಆಳ ಅಂತಲೇ ಹೇಳಿದ್ದೆವು. ಆಳ ಇದ್ದರೆ ಬಂದರು ಅನ್ನುವ ಹಾಗೆ. ಹಾಗಿದ್ದರೆ ನಡುಸಮುದ್ರಕ್ಕಿಂತ ಒಳ್ಳೆಯ ಬಂದರು ಇನ್ನೆಲ್ಲಿದೆ?

ಮಡು ಮತ್ತು ಮರೆ

ಒಬ್ಬ ಹುಡುಗಿಯ ಅಪ್ಪ ಹೊಳೆಯಲ್ಲಿ ತೆಪ್ಪ ಹಾಕಿ ಮೀನು ಹಿಡಿಯುವವರು. ಅವರನ್ನು ಶಾಲೆಗೆ ಕರೆಸೋಣ ಅಂದದ್ದು ಮೇಡಂ. ಬಂದವರು ಕ್ಲಾಸಿನೊಳಗೆ ಬರಲು ಒಪ್ಪಲಿಲ್ಲ. ಚಪ್ಪಲಿ ಬಿಟ್ಟು ಬಾಗಿಲ ಹತ್ತಿರವೇ ನಿಂತರು. ಮೇಡಂ ಕೇಳಿದರು: "ಅಣ್ಣಾ, ರಾತ್ರಿ ತೆಪ್ಪ ಎಲ್ಲಿ ಕಟ್ತೀರ? ಮಡು ಇರೋ ಕಡೆನಾ?"

ಮಡು ಅಂದರೆ ಹೊಳೆಯಲ್ಲಿ ನೀರು ಆಳವಾಗಿ ನಿಂತಿರುವ ಜಾಗ. ನಮ್ಮ ಪ್ರಕಾರ ಉತ್ತರ "ಹೌದು" ಅಂತ ಬರಬೇಕಿತ್ತು.

"ಮಡೂಲಿ ಯಾಕ್ ಕಟ್ಟಾನ ಮೇಡಮ್ಮೋರೆ? ಸುಳಿ ಇರೋ ಕಡೇನೂ ಆಳ ಇರ್ತದೆ. ಅಲ್ ಕಟ್ಟುದ್ರೆ ಬೆಳಗಾಗೋ ವತ್ಗೆ ತೆಪ್ಪ ಇರಾಕಿಲ್ಲ. ಬಂಡೆ ಮರೆ ಇರ್ಬೇಕು. ಗಾಳಿ ಬಡೀಬಾರ್ದು, ನೀರು ತಣ್ಗಿರ್ಬೇಕು. ಆಮೇಕೆ ಎಷ್ಟ್ ಆಳ ಅಂತ ನೋಡಾದು."

ಮರೆ. ನಮ್ಮ ಪುಸ್ತಕದಲ್ಲಿ 'ಸುರಕ್ಷಿತ' ಅಂತ ಇದೆ, 'ಭೂಮಿಯಿಂದ ಆವೃತ' ಅಂತ ಇದೆ. ಮಕ್ಕಳು ಆ ಪದಗಳನ್ನು ದಾಟಿಕೊಂಡು ಹೋಗಿದ್ದರು. ಮರೆ ಅನ್ನುವುದು ಅವರ ಬಾಯಲ್ಲಿ ದಿನಾ ಇರುವ ಮಾತು. ಗಾಳಿಮರೆ, ಮಳೆಮರೆ, ಗೋಡೆಮರೆ. ಅವತ್ತಿಂದ ಬೋರ್ಡಿನ ಮೇಲೆ ಎರಡೇ ಪದ ಉಳಿದವು: ಆಳ, ಮರೆ. ಮೇಡಂ ಪ್ರತಿ ಬಂದರಿಗೂ ಎರಡು ಪ್ರಶ್ನೆ ಕೇಳಿಸಿದರು. ಇಲ್ಲಿ ಆಳ ಯಾರು ಕೊಟ್ಟರು? ಮರೆ ಯಾರು ಕೊಟ್ಟರು?

ಇದರಿಂದ ಪುಸ್ತಕದ ಬಿರುದುಗಳೆಲ್ಲ ಬಿಚ್ಚಿಕೊಂಡವು. ವಿಳಿಂಜಂನಲ್ಲಿ ಆಳ ಸಮುದ್ರವೇ ಕೊಟ್ಟದ್ದು, ಮರೆ ಮಾತ್ರ ಮನುಷ್ಯ ಕಟ್ಟಿದ್ದು. ಸುಮಾರು ಮೂರು ಕಿಲೋಮೀಟರ್ ತಡೆಗೋಡೆಯನ್ನು ತೆರೆದ ಕಡಲಿಗೆ ಕಲ್ಲು ಹಾಕಿ ಹಾಕಿ ಎಬ್ಬಿಸಿದ್ದಾರೆ. ಮುಂಬೈ ಅದಕ್ಕೆ ಉಲ್ಟಾ. ಮರೆ ತಾನಾಗಿಯೇ ಇದೆ, ಆದರೆ ಈಗಿನ ಹಡಗುಗಳಿಗೆ ಸಾಲುವಷ್ಟು ಆಳಕ್ಕೆ ಹೂಳೆತ್ತುತ್ತಲೇ ಇರಬೇಕು. ಕೊಚ್ಚಿಯಲ್ಲಿ ಒಳಗೆ ಹಿನ್ನೀರು ತಣ್ಣಗಿತ್ತು, ಬಾಯಲ್ಲಿ ಮರಳ ದಿಬ್ಬ ಅಡ್ಡ ಇತ್ತು. 1920ರ ದಶಕದಲ್ಲಿ ರಾಬರ್ಟ್ ಬ್ರಿಸ್ಟೊ ಅನ್ನುವ ಎಂಜಿನಿಯರ್ ಅದನ್ನು ಸೀಳಿ ದಾರಿ ಮಾಡಿದರು. ಎತ್ತಿದ ಹೂಳು ಸುರಿದೇ ವಿಲ್ಲಿಂಗ್ಡನ್ ದ್ವೀಪ ಆಯಿತು. ನಮ್ಮ ಕಾರವಾರಕ್ಕೆ ಬೈತ್‌ಕೋಲ್ ಗುಡ್ಡ ಮತ್ತು ಎದುರಿನ ದ್ವೀಪಗಳ ಮರೆ ಇದೆ. ಪಣಂಬೂರಿನ ನವಮಂಗಳೂರು ಬಂದರಿಗೆ ಎರಡೂ ಇರಲಿಲ್ಲ. ದಡದ ನೆಲವನ್ನೇ ಅಗೆದು ಕೊಳ ಮಾಡಿ, ಸಮುದ್ರಕ್ಕೆ ಕಾಲುವೆ ಕೊರೆದು ಮಾಡಿದ್ದು. 1975ರಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು.

ಮಕ್ಕಳು ಬಾಯಿಪಾಠ ಮಾಡಿದ್ದ ವಿಶಾಖಪಟ್ಟಣವೇ ಪೂರ್ತಿ ನೈಸರ್ಗಿಕ ಅಲ್ಲ. ಡಾಲ್ಫಿನ್ಸ್ ನೋಸ್ ಅನ್ನುವ ಗುಡ್ಡ ಮರೆ ಕೊಡುತ್ತದೆ, ನಿಜ. ಆದರೆ 1933ರಲ್ಲಿ ಶುರುವಾದ ಒಳಬಂದರು ಜೌಗು ನೆಲ ಅಗೆದು ಮಾಡಿದ್ದು. ಬಾಯಲ್ಲಿ ಅಲೆ ತಡೆಯಲು ಎರಡು ಹಳೇ ಹಡಗುಗಳನ್ನೇ ಮುಳುಗಿಸಿ ಗೋಡೆ ಮಾಡಿದರು. ಇದನ್ನು ಕೇಳಿದ ಮೇಲೆ ಆ ಹುಡುಗಿ, ಅದೇ "ಹಡಗು ಮುಳುಗಲು" ಬರೆದವಳು, ಕೈ ಎತ್ತಿ "ಮೇಡಂ, ಇನ್ನೊಂದ್ ಅಂಕ" ಅಂದಳು.

ಪಾತ್ರೆ ತೊಳೆಯುವ ತೊಟ್ಟಿ

ಬಿಸಿಯೂಟದ ಅಡುಗೆಮನೆ ಹಿಂದೆ ಪಾತ್ರೆ ತೊಳೆಯುವ ಸಿಮೆಂಟ್ ತೊಟ್ಟಿ ಇದೆ. ಉದ್ದ ಎಂಟು ಅಡಿ, ಮೊಣಕಾಲಿನಷ್ಟು ಎತ್ತರ. ಅಡುಗೆ ಅಮ್ಮನನ್ನು ಬೇಡಿಕೊಂಡು ಒಂದು ಮಧ್ಯಾಹ್ನಕ್ಕೆ ಪಡೆದೆವು. "ಮರಳು ಒಂದ್ ಕಾಳು ಉಳಿದ್ರೂ ನಾಳೆ ಸಾರಲ್ಲಿ ನಿಮ್ಗೇ ಸಿಗ್ತದೆ" ಎಂದು ಹೇಳಿಯೇ ಕೊಟ್ಟರು.

ಒಂದು ಉದ್ದಬದಿಗೆ ಮರಳು ಇಳಿಜಾರಾಗಿ ಹಾಕಿದೆವು. ಅದು ದಡ. ಹಡಗಿಗೆ ಸ್ಟೀಲ್ ಟಿಫಿನ್ ಡಬ್ಬಿ. ಖಾಲಿ ಡಬ್ಬಿ ಎರಡು ಬೆರಳು ಮುಳುಗಿತು, ದಡದವರೆಗೂ ಸಲೀಸಾಗಿ ಬಂತು. ಒಳಗೆ ಜಲ್ಲಿ ತುಂಬಿದೆವು. ಈಗ ನಾಲ್ಕು ಬೆರಳು. ದಡಕ್ಕೆ ಒಂದು ಮೊಳ ಇರುವಾಗಲೇ ತಳ ಮರಳಿಗೆ ತಾಗಿ ಕರ್ರ್ ಅಂತ ನಿಂತುಬಿಟ್ಟಿತು. ತಳ್ಳಿದರೂ ಕದಲಲಿಲ್ಲ. ಆ ಸದ್ದಿಗೆ ಎಲ್ಲರೂ ಒಂದು ಕ್ಷಣ ಸುಮ್ಮನಾದರು. ನನ್ನ ಮೊಟ್ಟೆ, ಉಪ್ಪು, ಬೋರ್ಡಿನ ತುಂಬಾ ಲೆಕ್ಕ, ಎಲ್ಲ ಸೇರಿ ಮಾಡದ ಕೆಲಸವನ್ನು ಆ ಕರ್ರ್ ಮಾಡಿತು.

ಆಮೇಲೆ ಒಂದು ಹಲಗೆ ಹಿಡಿದು ಓರೆಯಾಗಿ ಅಲೆ ಎಬ್ಬಿಸಲು ಶುರು ಮಾಡಿದೆವು. ಡಬ್ಬಿ ಕುಣಿಯಿತು, ಎರಡು ಸಲ ಮಗುಚಿತು. ಜಲ್ಲಿಕಲ್ಲಿನಿಂದ ದಡದಿಂದ ನೀರೊಳಗೆ ಒಂದು ಗೋಡೆ ಕಟ್ಟಿದಾಗ ಅದರ ಮರೆಯಲ್ಲಿ ಡಬ್ಬಿ ತೆಪ್ಪಗೆ ನಿಂತಿತು. ಇಲ್ಲಿಗೆ ನಿಲ್ಲಿಸೋಣ ಅಂತ ನಾನಂದೆ. ಹುಡುಗರು ಹಲಗೆ ಬಿಡಲಿಲ್ಲ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಇನ್ನೇನೋ ಆಯಿತು. ಅಲೆ ಬರುವ ಬದಿಯಲ್ಲಿ ಗೋಡೆಗೆ ಒತ್ತಿಕೊಂಡು ಮರಳು ಗುಡ್ಡೆಯಾಗತೊಡಗಿತು. ಆಚೆ ಬದಿಯಲ್ಲಿ ದಡ ಕರಗಿ ಸಿಮೆಂಟ್ ಕಾಣಿಸಿತು.

ಇದು ನಮ್ಮ ಯೋಜನೆಯಲ್ಲಿ ಇರಲೇ ಇಲ್ಲ. ಆದರೆ ಚೆನ್ನೈ ಕಥೆ ಇದೇ. ಮದರಾಸಿನ ಕಡಲು ಪೂರ್ತಿ ಬಯಲು. ಹಡಗು ದೂರದಲ್ಲಿ ಲಂಗರು ಹಾಕುತ್ತಿತ್ತು. ತೆಂಗಿನ ಹುರಿಯಲ್ಲಿ ಹಲಗೆ ಹೊಲಿದು ಮಾಡಿದ ಮಸೂಲಾ ದೋಣಿಗಳು ಅಲೆ ಸೀಳಿಕೊಂಡು ಜನ, ಸಾಮಾನು ತರುತ್ತಿದ್ದವು. 1876ರಲ್ಲಿ ಬಂದರಿನ ಗೋಡೆ ಕೆಲಸ ಶುರುವಾಯಿತು. ಆ ಕರಾವಳಿಯಲ್ಲಿ ಅಲೆಗಳು ವರ್ಷದ ಜಾಸ್ತಿ ಭಾಗ ಮರಳನ್ನು ತೆಂಕಣಿಂದ ಬಡಗಿಗೆ ಒಯ್ಯುತ್ತವೆ. ಗೋಡೆ ಅಡ್ಡ ಬಂತು. ತೆಂಕಣಲ್ಲಿ ಮರಳು ನಿಂತು ನಿಂತು ಈಗಿನ ಅಗಲವಾದ ಮರೀನಾ ಬೀಚ್ ಆಯಿತು. ಬಡಗಲ್ಲಿ ರಾಯಪುರಂ ಕಡೆಯ ದಡವನ್ನು ಕಡಲು ತಿಂದಿತು. ನಾಲೆ ತಿರುವಿನಲ್ಲಿ ಒಂದು ದಡ ಕೊರೆದು ಇನ್ನೊಂದು ದಡಕ್ಕೆ ಮೆಕ್ಕಲು ಕೂರುವುದನ್ನು ಕಂಡ ಮಕ್ಕಳಿಗೆ ಇದನ್ನು ವಿವರಿಸಬೇಕಾಗಲಿಲ್ಲ. "ಮರೆ ಕಟ್ದೋರು ಒಬ್ರು, ಮನೆ ಕಳ್ಕಂಡೋರು ಇನ್ನೊಬ್ರು" ಅಂತ ಒಬ್ಬ ಹೇಳಿಯೂ ಬಿಟ್ಟ.

ಹೈದರಾಲಿಗೆ ಬೇಕಿದ್ದ ಬಂದರು

ಆಳ, ಮರೆ ಎರಡನ್ನೂ ಪ್ರಕೃತಿಯೇ ಕೊಟ್ಟ ಜಾಗ ಎಲ್ಲಾದರೂ ಇದೆಯಾ? ಮಕ್ಕಳೇ ಕೇಳಿದರು. ಮೇಡಂ ಭಾರತದ ಭೂಪಟ ಮಡಿಸಿಟ್ಟು ಶ್ರೀಲಂಕಾ ತೋರಿಸಿದರು. ಟ್ರಿಂಕೋಮಲಿ. ಪೂರ್ವ ದಡದಲ್ಲಿ ಗುಡ್ಡ, ದ್ವೀಪಗಳ ನಡುವೆ ಅಡಗಿಕೊಂಡ ಬಂದರು. ಪಕ್ಕದ ಕೊಡ್ಡಿಯಾರ್ ಕೊಲ್ಲಿಗೆ ಆ ದೇಶದ ಅತಿ ಉದ್ದದ ನದಿ ಮಹಾವೇಲಿ ಬಂದು ಸೇರುತ್ತದೆ. ಇಷ್ಟು ದೊಡ್ಡ ಹೊಳೆ ಬಂದರೆ ಹೂಳು ತುಂಬಬೇಕಲ್ಲ? ಅಲ್ಲಿ ಸಮುದ್ರದ ತಳದಲ್ಲೇ ಒಂದು ಭಾರಿ ಕಮರಿ ಇದೆ. ಅದು ಕೊಲ್ಲಿಯ ಒಳಗಿನವರೆಗೂ ಬಂದಿದೆ. ಹೊಳೆ ತಂದ ಮಣ್ಣು ಅದರ ಹೊಟ್ಟೆಗೆ ಇಳಿದುಹೋಗುತ್ತದೆ.

ಇಲ್ಲಿ ಮೇಡಂ ಒಂದು ಒಳ್ಳೆಯ ಕೆಲಸ ಮಾಡಿದರು. ಭೂಗೋಳ ಬಿಟ್ಟು ಇತಿಹಾಸಕ್ಕೆ ದಾಟಿದರು. ನಮ್ಮ ಶಾಲೆಯಿಂದ ಶ್ರೀರಂಗಪಟ್ಟಣದ ಕೋಟೆ ದೂರವಿಲ್ಲ. ಆ ಕೋಟೆಯ ಹೈದರಾಲಿಗೂ ಟ್ರಿಂಕೋಮಲಿಗೂ ನಂಟಿದೆ.

1782. ಹೈದರ್ ಬ್ರಿಟಿಷರ ಜೊತೆ ಎರಡನೇ ಯುದ್ಧದಲ್ಲಿದ್ದ. ನೆಲದ ಮೇಲೆ ಅವನ ಕುದುರೆಸೇನೆಗೆ ಎದುರಿಲ್ಲ. ಆದರೆ ಅವರಿಗೆ ಸಾಮಾನು, ಸೈನಿಕರು ಕಡಲಿನಿಂದ ಬರುತ್ತಿದ್ದರು. ಅದನ್ನು ಕುದುರೆ ಹತ್ತಿ ತಡೆಯುವುದು ಹೇಗೆ? ಫ್ರೆಂಚರ ನೌಕಾಪತಿ ಸಫ್ರೆನ್ ಅವನ ಜೊತೆ ಸೇರಿದ. ಆ ವರ್ಷದ ಜುಲೈನಲ್ಲಿ ಇಬ್ಬರೂ ಕಡಲೂರಿನ ಹತ್ತಿರ ಭೇಟಿಯಾದರು. ಸಫ್ರೆನ್‌ಗೆ ಇದ್ದ ಕಷ್ಟ ಏನೆಂದರೆ, ಮುರಿದ ಕೂವೆಮರ, ಅಂದರೆ ಹಾಯಿ ಕಟ್ಟುವ ಕಂಬ, ರಿಪೇರಿ ಮಾಡಿಕೊಳ್ಳಲು ಈ ದಡದಲ್ಲಿ ಅವನಿಗೆ ಒಂದೂ ಮರೆ ಇಲ್ಲ. ಹಿಂಗಾರು ಶುರುವಾದರೆ ಇಡೀ ಪೂರ್ವ ಕರಾವಳಿಯಲ್ಲಿ ಹಡಗು ನಿಲ್ಲುವ ಹಾಗಿಲ್ಲ. ಬ್ರಿಟಿಷರ ಹಡಗುಗಳೂ ಸುತ್ತಿಕೊಂಡು ಮುಂಬೈಗೆ ಹೋಗಬೇಕಿತ್ತು. ಆಗಸ್ಟ್ ಕೊನೆಯಲ್ಲಿ ಸಫ್ರೆನ್ ಟ್ರಿಂಕೋಮಲಿಯನ್ನು ಬ್ರಿಟಿಷರಿಂದ ಕಿತ್ತುಕೊಂಡ. ಡಿಸೆಂಬರ್ 7ರಂದು ಹೈದರ್ ತೀರಿಕೊಂಡ. ಯುದ್ಧ ಮುಗಿದ ಮೇಲೆ ಬಂದರು ಅದರ ಹಿಂದಿನ ಒಡೆಯರಾದ ಡಚ್ಚರಿಗೆ ವಾಪಸ್ ಹೋಯಿತು. 1795ರಲ್ಲಿ ಬ್ರಿಟಿಷರು ಮತ್ತೆ ಹಿಡಿದರು. ಅದಾದ ನಾಲ್ಕು ವರ್ಷಕ್ಕೆ ಶ್ರೀರಂಗಪಟ್ಟಣ ಬಿತ್ತು.

ದಿನಾ ಕೋಟೆಗೋಡೆ ಪಕ್ಕದಲ್ಲೇ ಸೈಕಲ್ ತುಳಿಯುವ ಹುಡುಗರು ಅವತ್ತು ಬೆಲ್ ಹೊಡೆದರೂ ಏಳಲಿಲ್ಲ.

ಆಮೇಲೆ ಮೇಡಂ ಕೊನೆಯ ಗಂಟು ಹಾಕಿದರು. ಇಷ್ಟು ಒಳ್ಳೆಯ ಬಂದರಿದ್ದೂ ಶ್ರೀಲಂಕಾದ ಕಂಟೇನರ್ ವ್ಯಾಪಾರ ಬಹುಪಾಲು ಕೊಲಂಬೋದಲ್ಲಿ ನಡೆಯುತ್ತದೆ. ಕೊಲಂಬೋ ಬಂದರು 1875ರಿಂದ ಗೋಡೆ ಕಟ್ಟಿ ಕಟ್ಟಿ ಮಾಡಿದ್ದು. ಯಾಕೆ ಹೀಗೆ? ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಲೆಮನೆ ಇರುವ ಮನೆಯ ಹುಡುಗ ನಿಧಾನವಾಗಿ ಹೇಳಿದ: "ಕೊಪ್ಪರಿಗೆ ಎಷ್ಟ್ ದೊಡ್ದಿದ್ರೇನ್ ಮೇಡಂ, ಕಬ್ಬು ಬರ್ಬೇಕಲ್ವಾ? ಗಾಡಿ ದಾರಿ ಪಕ್ಕದಾಗಿದ್ರೆ ತಾನೆ ಆಲೆಮನೆ ನಡ್ಯಾದು?"

ಕೊಲಂಬೋ ಪಶ್ಚಿಮ ದಡದಲ್ಲಿದೆ. ದೇಶದ ದೊಡ್ಡ ಊರು, ವ್ಯಾಪಾರ, ರಸ್ತೆ, ರೈಲು ಎಲ್ಲ ಅಲ್ಲೇ. ಯುರೋಪಿನಿಂದ ಪೂರ್ವ ಏಷ್ಯಾಕ್ಕೆ ಹೋಗುವ ಹಡಗಿನ ದಾರಿ ಲಂಕೆಯ ತೆಂಕಣ ತುದಿ ಸವರಿಕೊಂಡು ಹೋಗುತ್ತದೆ. ಟ್ರಿಂಕೋಮಲಿಗೆ ಬರಲು ಆ ದಾರಿ ಬಿಟ್ಟು ಬಡಗಿಗೆ ತಿರುಗಬೇಕು. ಬೋರ್ಡಿನ ಮೇಲೆ ಮೂರನೇ ಪದ ಸೇರಿತು: ದಾರಿ. ಮೊದಲ ಎರಡು ಪದಗಳಿಗೆ ನಾವು ಮೂರು ವಾರ ಒದ್ದಾಡಿದ್ದೆವು. ಇದು ಒಂದು ನಿಮಿಷದಲ್ಲಿ ಬಂತು.

ಕಟ್ಟೆ ಪ್ರಶ್ನೆಗೂ ಈಗ ಉತ್ತರ ಸಿಕ್ಕಿತು. ಅದನ್ನು ಹಿಂದಿನ ಬೆಂಚಿನ ಹುಡುಗನೇ ಎದ್ದು ಹೇಳಿದ. ಗೋಡೆ ಬುಡದಲ್ಲಿ ಆಳ ಇದೆ. ಹಿನ್ನೀರಿನ ಕಡೆ ಹೋದರೆ ಕಮ್ಮಿ. ಬೇಸಿಗೆಯಲ್ಲಿ ಮಟ್ಟ ಇಳಿದುಹೋಗುತ್ತದೆ. ದಾರಿ ಅಂತೂ ಇಲ್ಲ. "ಹಡಗು ಒಳಗೇ ಕಟ್ಟಿ ಒಳಗೇ ಇಟ್ಕೋಬೇಕು" ಎಂದ.

ಏನಾಯಿತು, ಎಷ್ಟು ಖರ್ಚಾಯಿತು

ಎರಡು ಪೀರಿಯಡ್ ಬೇಕಿದ್ದ ಜಾಗಕ್ಕೆ ಹನ್ನೊಂದು ಹೋದವು. ಅದರಲ್ಲಿ ಮೂರು ನನ್ನ ವಿಜ್ಞಾನದ್ದು. ಎಚ್‌ಎಂ ಸಾರ್ ಸಿಲಬಸ್ ಬಗ್ಗೆ ಎರಡು ಸಲ ಕೇಳಿದರು. ಅವರು ಕೇಳಿದ್ದು ತಪ್ಪಲ್ಲ. ಮುಂದಿನ ಎರಡು ಪಾಠಗಳನ್ನು ಮೇಡಂ ಓಡಿಸಬೇಕಾಯಿತು. ಅವು ಮಕ್ಕಳಿಗೆ ನೆಟ್ಟಗೆ ಹತ್ತಲಿಲ್ಲ ಅನ್ನುವುದನ್ನು ಅವರೇ ಒಪ್ಪುತ್ತಾರೆ. ಎಲ್ಲ ಪಾಠವನ್ನೂ ಹೀಗೆ ಮಾಡಲು ಆಗುವುದಿಲ್ಲ.

ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಅದೇ ಎರಡು ಅಂಕದ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೊಟ್ಟೆವು. ಖಾಲಿ ಬಿಟ್ಟವರು ನಾಲ್ಕು ಜನ. ಕೆಆರ್‌ಎಸ್ ಎಂದು ಬರೆದವನು ಇನ್ನೂ ಒಬ್ಬ ಇದ್ದ. ಅವನು ತೊಟ್ಟಿಯ ದಿನ ರಜಾ ಹಾಕಿದ್ದ. ಬಹಳಷ್ಟು ಮಕ್ಕಳು 'ಮರೆ' ಅನ್ನುವ ಪದವನ್ನೇ ಬರೆದಿದ್ದರು. ಮೌಲ್ಯಮಾಪನದಲ್ಲಿ ಇದಕ್ಕೆ ಅಂಕ ಕೊಡುತ್ತಾರಾ, 'ಸುರಕ್ಷಿತ' ಅಂತಲೇ ಬರೆಸಬೇಕಾ ಅನ್ನುವ ವಾದ ಸ್ಟಾಫ್ ರೂಮಿನಲ್ಲಿ ಇನ್ನೂ ಮುಗಿದಿಲ್ಲ. ಎರಡನ್ನೂ ಬರೆಯಿರಿ ಅಂತ ಸದ್ಯಕ್ಕೆ ಹೇಳಿದ್ದೇವೆ.

ನನ್ನನ್ನು ಕೇಳಿದರೆ, ಮತ್ತೆ ಮಾಡುವುದಾದರೆ ಮೊದಲು ತೊಟ್ಟಿ, ಆಮೇಲೆ ತೆಪ್ಪದವರು, ಕೊನೆಗೆ ವಿಡಿಯೋ. ಮೊಟ್ಟೆ ಬೇಡವೇ ಬೇಡ. ಆ ಹಿಂದಿನ ಬೆಂಚಿನ ಪ್ರಶ್ನೆಯನ್ನು ಮಾತ್ರ ಮುಂಚೆಯೇ ತಯಾರು ಮಾಡಿ ಇಟ್ಟುಕೊಳ್ಳಲು ಆಗುವುದಿಲ್ಲ.

ಡಿಸೆಂಬರ್‌ನಲ್ಲಿ ಪ್ರವಾಸಕ್ಕೆ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋದೆವು. ಪಣಂಬೂರು ಬೀಚ್ ಬಂದರಿನ ಪಕ್ಕದಲ್ಲೇ ಇದೆ. ಸಂಜೆ ಐದು ಗಂಟೆ. ದೂರದಲ್ಲಿ ನಾಲ್ಕು ಹಡಗು ಲಂಗರು ಹಾಕಿ ನಿಂತಿದ್ದವು. ಎರಡು ಮೇಲೆದ್ದು ಕೆಂಪು ಹೊಟ್ಟೆ ತೋರಿಸುತ್ತಿದ್ದವು, ಎರಡು ತಗ್ಗಿ ಕೂತಿದ್ದವು. ಯಾವುದು ಖಾಲಿ, ಯಾವುದು ತುಂಬಿದ್ದು ಅಂತ ಹುಡುಗಿಯರು ಬೆಟ್ಟು ಮಾಡಿ ಹೇಳುತ್ತಿದ್ದರು. ಉಳಿದವರು ಅಲೆ ಜೊತೆ ಕಿರುಚಾಡುತ್ತಿದ್ದರು. ಹಿಂದಿನ ಬೆಂಚಿನವನು ಪ್ಯಾಂಟ್ ಮಡಿಸಿಕೊಂಡು, ಕೈಯನ್ನು ಹಣೆಗೆ ಅಡ್ಡ ಹಿಡಿದು, ಬಂದರಿನ ಬಾಯನ್ನೇ ನೋಡುತ್ತಾ ನಿಂತಿದ್ದ. ಆಮೇಲೆ ಸೀಟಿ ಹಿಡಿದು ನಿಂತಿದ್ದ ಲೈಫ್‌ಗಾರ್ಡ್ ಹತ್ತಿರ ಹೋಗಿ ಕೇಳಿದ:

"ಅಣ್ಣಾ, ಅಲ್ಲಿ ಎಷ್ಟಡಿ ಆಗದೆ?"

"ಅಲ್ಲಿಗೆಲ್ಲ ಹೋಗ್ಲಿಕ್ಕಿಲ್ಲ ಮಾರಾಯ. ಮೊಣಕಾಲಿನಷ್ಟು ನೀರಲ್ಲೇ ಆಡು" ಎಂದು ಆತ ಸೀಟಿ ಊದಿದ.